ಹಾಸನದಲ್ಲಿ ಬೂದಿಗೆ ಅಯಸ್ಕಾಂತ ಹಿಡಿದ ದಿನ

ಕಾರ್ತಿಕದ ಒಂದು ಶನಿವಾರ, ಬೆಳಿಗ್ಗೆ ಆರೂಕಾಲಿನ ಬಸ್ಸಿಗೆ ಚಿಕ್ಕಮಗಳೂರಿನಿಂದ ಹೊರಟೆ. ಬ್ಯಾಗಿನಲ್ಲಿ ಕಾಲೇಜಿನ ಲ್ಯಾಬಿನಿಂದ ಕೇಳಿ ತಂದಿದ್ದ ದೊಡ್ಡ ಅಯಸ್ಕಾಂತ, ನಾಲ್ಕು ಪ್ಲಾಸ್ಟಿಕ್ ಕವರ್, ಒಂದು ಭೂತಗನ್ನಡಿ. ಬೇಲೂರು ಬರುವವರೆಗೂ ಮಂಜು, ಕಿಟಕಿಯಾಚೆ ಏನೂ ಕಾಣಲಿಲ್ಲ. ಅಲ್ಲಿ ಬಸ್ಸು ಹತ್ತು ನಿಮಿಷ ನಿಂತಾಗ ಒಂದು ಕಾಫಿ ಕುಡಿದೆ. ದೇವಸ್ಥಾನಕ್ಕೆ ಬಂದವರೆಲ್ಲ ಇಳಿದು ಹೋದರು, ನಾನು ಬೂದಿ ನೋಡೋಕೆ ಹಾಸನಕ್ಕೆ ಹೊರಟವಳು.

ದೊಡ್ಡಪ್ಪನ ಮಗ ಹಾಸನದ ಹೊರಗೆ ಫ್ಲೈ ಆಶ್, ಅಂದರೆ ಥರ್ಮಲ್ ಸ್ಟೇಷನ್ನಿನ ಕಲ್ಲಿದ್ದಲ ಬೂದಿಯಿಂದ ಇಟ್ಟಿಗೆ ಮಾಡಿಸುತ್ತಾನೆ. ಹೋದ ಹಬ್ಬದಲ್ಲಿ ಸಿಕ್ಕಾಗ "ಈ ಬೂದಿಯಲ್ಲಿ ಚಿನ್ನದಂಥ ಲೋಹ ಇದೆಯಂತೆ, ಯಾರೋ ಹೇಳಿದ್ರು, ನಿಜಾನಾ? ನೀನು ಕೆಮಿಸ್ಟ್ರಿ ಮೇಡಂ ಅಲ್ವಾ" ಅಂತ ಕೇಳಿದ್ದ. ಅವತ್ತಿನಿಂದ ಅದು ತಲೆಯಲ್ಲೇ ಉಳಿದಿತ್ತು. ಹಾಸನದಲ್ಲಿ ಇಳಿದಾಗ ಅಣ್ಣ ಓಮ್ನಿ ನಿಲ್ಲಿಸಿಕೊಂಡು ಕಾಯುತ್ತಿದ್ದ.

ನಾವು ಹೋಗುವ ಹೊತ್ತಿಗೆ ಸರಿಯಾಗಿ ಲೋಡು ಬಂದಿತ್ತು. ಗುಂಡಗಿನ ಟ್ಯಾಂಕಿನ ಲಾರಿ. ಬಳ್ಳಾರಿ ಕಡೆಯ ಥರ್ಮಲ್ ಸ್ಟೇಷನ್ನಿನಿಂದ ರಾತ್ರಿಯೇ ಹೊರಟು ಚಿತ್ರದುರ್ಗ, ಅರಸೀಕೆರೆ ಮೇಲೆ ಬಂದೆ ಅಂದರು ಡ್ರೈವರ್. ಪೈಪು ಸಿಕ್ಕಿಸಿ ಗಾಳಿ ಕೊಟ್ಟರೆ ಬೂದಿ ನೀರಿನ ಹಾಗೆ ಹರಿದು ಗೋಡೌನಿಗೆ ಹೋಗುತ್ತೆ. ಕೈಗೆ ತಗೊಂಡೆ. ರಾಗಿ ಹಿಟ್ಟಿಗಿಂತ ನುಣುಪು, ಬಣ್ಣವೂ ಹೆಚ್ಚುಕಡಿಮೆ ಅದೇ. ಬೆರಳ ಸಂದಿಯಲ್ಲಿ ನಿಲ್ಲೋದೇ ಇಲ್ಲ, ಜಾರಿಬಿಡುತ್ತೆ.

ಜಾರೋದಕ್ಕೆ ಕಾರಣ ಇದೆ. ಅದು ನಮ್ಮ ಸೌದೆ ಒಲೆಯ ಬೂದಿಯಂಥದ್ದಲ್ಲ, ಬಹುಪಾಲು ಗಾಜು. ಕಲ್ಲಿದ್ದಲಿನ ಜೊತೆ ಸೇರಿರುವ ಜೇಡಿಮಣ್ಣು ಬಾಯ್ಲರಿನ ಬೆಂಕಿಯಲ್ಲಿ ಕರಗಿ ಹನಿಯಾಗಿ, ಹೊಗೆಯ ಜೊತೆ ಹಾರುತ್ತಲೇ ತಣ್ಣಗಾಗಿ ಸಣ್ಣ ಸಣ್ಣ ಗುಂಡುಗಳಾಗುತ್ತೆ. ಒಂದು ಗುಂಡು ಕೂದಲಿನ ದಪ್ಪಕ್ಕಿಂತ ಎಷ್ಟೋ ಚಿಕ್ಕದು.

ಅಯಸ್ಕಾಂತಕ್ಕೆ ಪ್ಲಾಸ್ಟಿಕ್ ಕವರ್ ಸುತ್ತಿ ಬೂದಿಯಲ್ಲಿ ನಿಧಾನಕ್ಕೆ ಆಡಿಸಿದೆ. ಮೇಲೆತ್ತಿದರೆ ತುದಿಯಲ್ಲಿ ಕಪ್ಪು ಗಡ್ಡ ಬೆಳೆದಿತ್ತು! ಲೋಡು ಇಳಿಸುತ್ತಿದ್ದ ಹುಡುಗರು ಕೆಲಸ ಬಿಟ್ಟು ಬಂದು ನಿಂತರು. ಕವರ್ ಒಳಗಿಂದ ಅಯಸ್ಕಾಂತ ಎಳೆದುಕೊಂಡರೆ ಗಡ್ಡ ಪೇಪರಿನ ಮೇಲೆ ಪುಡಿಯಾಗಿ ಉದುರುತ್ತೆ. ಮತ್ತೆ ಆಡಿಸು, ಮತ್ತೆ ಉದುರಿಸು. ಅರ್ಧ ಗಂಟೆಯಲ್ಲಿ ಎರಡು ಚಮಚದಷ್ಟು ಸಿಕ್ಕಿತು. ಇದು ಮ್ಯಾಗ್ನೆಟೈಟ್, ಕಬ್ಬಿಣದ ಆಕ್ಸೈಡು. ಕಲ್ಲಿದ್ದಲಿನೊಳಗೆ ಗಂಧಕದ ಜೊತೆ ಸೇರಿ ಪೈರೈಟ್ ಎಂಬ ಖನಿಜವಾಗಿದ್ದ ಕಬ್ಬಿಣ ಉರಿದು ಹೀಗಾಗಿದೆ. ಆಮೇಲೆ ಒಂದು ಬಕೆಟ್ ನೀರಿಗೆ ನಾಲ್ಕು ಹಿಡಿ ಬೂದಿ ಹಾಕಿ ಕಲಕಿ ಬಿಟ್ಟೆವು. ಮುಕ್ಕಾಲು ಪಾಲಿಗಿಂತ ಜಾಸ್ತಿ ತಳಕ್ಕೆ ಹೋಯಿತು, ಮೇಲೆ ಮಾತ್ರ ಹಾಲಿನ ಕೆನೆಯ ಹಾಗೆ ತೆಳ್ಳಗೆ ಏನೋ ತೇಲಿತು. ಒಳಗೆ ಟೊಳ್ಳಾದ ಗಾಜಿನ ಗುಳ್ಳೆಗಳು ಅವು. ಪೇಂಟಿಗೆ, ಹಗುರ ಕಾಂಕ್ರೀಟಿಗೆ ಅಂತ ಅದನ್ನೇ ಪ್ರತ್ಯೇಕವಾಗಿ ಮಾರುತ್ತಾರೆ.

"ಅಯ್ಯೋ, ಇಷ್ಟು ದಿನ ಇದನ್ನೆಲ್ಲ ಸುಮ್ನೆ ಇಟ್ಟಿಗೆಗೆ ಹಾಕ್ತಿದ್ವಲ್ಲ" ಅಂದ ಅಣ್ಣ.

ಕಬ್ಬಿಣ, ಗುಳ್ಳೆ ಕಣ್ಣಿಗೆ ಕಾಣುವಂಥವು. ನನಗೆ ಹೇಳಬೇಕಾಗಿದ್ದು ಕಾಣದ್ದರ ಬಗ್ಗೆ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿಯೇ ಜಾಸ್ತಿ, 100 ಕಿಲೋ ಉರಿಸಿದರೆ 30ರಿಂದ 45 ಕಿಲೋ ಉಳಿಯುತ್ತೆ. ಇಂಗಾಲ ಹೊಗೆಯಾಗಿ ಹೋಯಿತು, ಹಾರಿಹೋಗದ ಲೋಹ ಎಲ್ಲಿಗೆ ಹೋಗುತ್ತೆ? ಬೂದಿಯಲ್ಲೇ ಕೂರುತ್ತೆ, ಎರಡು ಮೂರು ಪಟ್ಟು ದಟ್ಟವಾಗಿ. ಗ್ಯಾಲಿಯಂ, ವೆನೇಡಿಯಂ, ನಿಯೋಡಿಮಿಯಂ ಥರದ ಅಪರೂಪದ ಲೋಹಗಳು, ಎಲ್ಲ ಸ್ವಲ್ಪ ಸ್ವಲ್ಪ. ಎಲ್‌ಇಡಿ ಬಲ್ಬಿಗೆ ಗ್ಯಾಲಿಯಂ ಬೇಕು, ಕರೆಂಟ್ ಸ್ಕೂಟರಿನ ಮೋಟರಿಗೆ ನಿಯೋಡಿಮಿಯಂ ಬೇಕು. ಇದು ಹೊಸ ಸುದ್ದಿಯೂ ಅಲ್ಲ. ಕಲ್ಲಿದ್ದಲ ಬೂದಿಯಲ್ಲಿ ಜರ್ಮೇನಿಯಂ ಇದೆ ಅಂತ ಗೋಲ್ಡ್‌ಸ್ಮಿತ್ ಎಂಬ ವಿಜ್ಞಾನಿ 1930ರ ದಶಕದಲ್ಲೇ ತೋರಿಸಿದ್ದರು. ಇಂಗ್ಲೆಂಡಿನಲ್ಲಿ ಗ್ಯಾಸ್ ಕಾರ್ಖಾನೆಗಳ ಚಿಮಣಿಯ ಧೂಳಿನಿಂದ ಜರ್ಮೇನಿಯಂ ತೆಗೆದು ಟ್ರಾನ್ಸಿಸ್ಟರ್ ಮಾಡಿದ ಕಾಲವಿತ್ತು. ಚೀನಾದ ಯುನ್ನಾನಿನಲ್ಲಿ ಜರ್ಮೇನಿಯಂ ತುಂಬಿರುವ ಕಲ್ಲಿದ್ದಲನ್ನು ಉರಿಸಿ ಬೂದಿಯಿಂದ ಈಗಲೂ ತೆಗೆಯುತ್ತಾರೆ. 2023ರ ಆಗಸ್ಟಿನಲ್ಲಿ ಅವರು ಗ್ಯಾಲಿಯಂ, ಜರ್ಮೇನಿಯಂ ರಫ್ತಿಗೆ ಕಡಿವಾಣ ಹಾಕಿದ ಮೇಲೆ ಹಲವು ದೇಶಗಳು ತಮ್ಮ ತಮ್ಮ ಬೂದಿಗುಡ್ಡದ ಕಡೆ ತಿರುಗಿ ನೋಡುತ್ತಿವೆ.

"ಹಾಗಾದ್ರೆ ಒಂದು ಟನ್ನಿಗೆ ಎಷ್ಟು ಸಿಗುತ್ತೆ ಹೇಳು." ಅಣ್ಣನಿಗೆ ಲೆಕ್ಕ ಬೇಕು.

ಜಗತ್ತಿನ ಬೂದಿಗಳ ಸರಾಸರಿ ಹಿಡಿದರೆ ನಿಯೋಡಿಮಿಯಂ ಸೇರಿರುವ ರೇರ್ ಅರ್ತ್ ಗುಂಪಿನ ಲೋಹಗಳೆಲ್ಲ ಸೇರಿ ಟನ್ನಿಗೆ ಸುಮಾರು 400 ಗ್ರಾಂ. ಅದರಲ್ಲೂ ಅದೇ ಗುಂಪಿನ ಅಗ್ಗದ ಲೋಹ ಸೀರಿಯಂ ಪಾಲೇ ದೊಡ್ಡದು. ಜೊತೆಗೆ ಅವು ಆ ಗಾಜಿನ ಗುಂಡಿನೊಳಗೆ ಸಿಕ್ಕಿಕೊಂಡಿವೆ. ಸುಮ್ನೆ ಆಸಿಡ್ ಸುರಿದರೆ ಪೂರ್ತಿ ಬಿಡೋದಿಲ್ಲ. ಮೊದಲು ಕಾಸ್ಟಿಕ್ ಸೋಡಾದಂಥದ್ದರ ಜೊತೆ ಕಾಯಿಸಿ ಗಾಜು ಒಡೆಯಬೇಕು, ಆಮೇಲೆ ಆಸಿಡ್, ಆಮೇಲೆ ಒಂದೊಂದೇ ಲೋಹ ಬಿಡಿಸಬೇಕು, ಕೊನೆಗೆ ಉಳಿದ ಆಸಿಡ್ ನೀರನ್ನು ಶುದ್ಧ ಮಾಡಬೇಕು. ಇಟ್ಟಿಗೆ ಶೆಡ್ಡಿನಲ್ಲಿ ಆಗುವ ಕೆಲಸ ಅಲ್ಲ, ಯಾರಾದರೂ ಆಗುತ್ತೆ ಅಂದರೆ ನಂಬಬೇಡ ಅಂದೆ. ಅಣ್ಣನ ಮುಖ ಸ್ವಲ್ಪ ಸಪ್ಪಗಾಯಿತು.

ಊಟ ಮುಗಿಸಿ ನುಗ್ಗೇಹಳ್ಳಿಗೆ ಹೊರಟೆವು. ಚನ್ನರಾಯಪಟ್ಟಣ ದಾಟಿದ ಮೇಲೆ ಎರಡೂ ಕಡೆ ತೆಂಗಿನ ತೋಟ, ನಡುವೆ ಕೊಯ್ಲಿಗೆ ಬಂದ ರಾಗಿ ಹೊಲ. 1246ರ ಲಕ್ಷ್ಮೀನರಸಿಂಹ ದೇವಸ್ಥಾನಕ್ಕೆ ಹೋಗಿ ಕೈಮುಗಿದು ಬೈರಾಪುರದ ಕಡೆ ತಿರುಗಿದೆವು. ಅಲ್ಲಿ ಕ್ರೋಮೈಟ್ ತೆಗೆದ ಗಣಿ ಇದೆ. ಸ್ಟೇನ್‌ಲೆಸ್ ಸ್ಟೀಲಿಗೆ ಬೇಕಾದ ಕ್ರೋಮಿಯಂನ ಅದಿರು ಅದು. ಒಳಗೆ ಹೋಗಲಿಲ್ಲ, ರಸ್ತೆ ಬದಿಯಿಂದಲೇ ನೋಡಿದೆವು. ಹಸಿರು ಛಾಯೆಯ ಕಲ್ಲು, ಅದರಲ್ಲಿ ಅಲ್ಲಲ್ಲಿ ಕಪ್ಪು ಚುಕ್ಕೆ. ಒಳ್ಳೆ ಅದಿರು ತೆಗೆದುಕೊಂಡು ಬೇಡದ್ದನ್ನು ಗುಡ್ಡೆ ಹಾಕುವುದು ಗಣಿಗಳ ರೂಢಿ. ಈ ಸೀಮೆಯ ಮಣ್ಣಿನಲ್ಲಿ, ನೀರಿನಲ್ಲಿ ಕ್ರೋಮಿಯಂ, ನಿಕಲ್ ಸೇರಿರುವುದನ್ನು ಸಂಶೋಧಕರು ಅಳೆದು ಬರೆದಿದ್ದಾರೆ. ಬೇಡ ಅಂತ ಬಿಟ್ಟ ಲೋಹ ಅಲ್ಲೇ ಸುಮ್ಮನೆ ಕೂರೋದಿಲ್ಲ, ಮಳೆ ಬಂದಾಗ ಇಳಿಯುತ್ತೆ. ಥರ್ಮಲ್ ಸ್ಟೇಷನ್ನಿನವರು ಉಳಿದ ಬೂದಿ ಸುರಿಯುವ ಹೊಂಡಗಳದ್ದೂ ಇದೇ ಕಥೆ, ಅಲ್ಲಿ ಆರ್ಸೆನಿಕ್ ಕೂಡ ಇರುತ್ತೆ.

ಅಲ್ಲಿ ನಿಂತಾಗ ನನಗೆ ಒಂದು ಮಾತು ಸ್ಪಷ್ಟವಾಯಿತು, ವಾಪಸ್ ಬರುವಾಗ ಓಮ್ನಿಯಲ್ಲಿ ಅಣ್ಣನಿಗೂ ಹೇಳಿದೆ. ಬೂದಿಯಿಂದ ಇಟ್ಟಿಗೆ ಮಾಡೋದು ತಪ್ಪಲ್ಲ, ಹೊಂಡದಲ್ಲಿ ಕೊಳೆಯೋದಕ್ಕಿಂತ ಸಾವಿರ ಪಾಲು ವಾಸಿ. ಆದರೆ ಸಿಮೆಂಟಿನ ಜೊತೆ ಕಲಸಿ ಗೋಡೆ ಕಟ್ಟಿದ ಮೇಲೆ ಅದರ ಲೋಹವನ್ನು ಯಾರೂ ವಾಪಸ್ ತೆಗೆಯೋಕಾಗಲ್ಲ. ಅಣ್ಣನಿಗೆ ಬರುವ ಬಿಲ್ಲಿನಲ್ಲಿ ತೂಕ ಇದೆ, ಲಾರಿ ನಂಬರ್ ಇದೆ, ಆ ಲೋಡಿನಲ್ಲಿ ಯಾವ ಲೋಹ ಎಷ್ಟಿದೆ ಅಂತ ಒಂದು ಸಾಲು ಇಲ್ಲ. ಎಲ್ಲ ಗಣಿಯ ಕಲ್ಲಿದ್ದಲೂ ಒಂದೇ ಅಲ್ಲ, ಒಂದರ ಬೂದಿ ಬಡವಾಗಿದ್ದರೆ ಇನ್ನೊಂದರದ್ದು ಒಳ್ಳೆಯದಿರಬಹುದು. ಅಳೆಯದೆ ಹೇಗೆ ಗೊತ್ತಾಗಬೇಕು? ಬೂದಿ, ಗಣಿ ತ್ಯಾಜ್ಯದಿಂದ ಲೋಹ ತೆಗೆಯುವ ಪ್ರಯೋಗಗಳಿಗೆ ಕೇಂದ್ರ ಸರ್ಕಾರ 2025ರಲ್ಲಿ ಶುರುವಾದ ಕ್ರಿಟಿಕಲ್ ಮಿನರಲ್ ಮಿಷನ್ನಿನಡಿ ಹಣ ಇಟ್ಟಿದೆ, ಒಳ್ಳೆಯದಾಯಿತು. ಅಳೆಯುವ ಕೆಲಸ ಥರ್ಮಲ್ ಸ್ಟೇಷನ್ನಿನ ಬಾಗಿಲಲ್ಲೇ ಆಗಬೇಕು, ಲಾರಿ ತುಂಬುವ ಮೊದಲು. ಒಳ್ಳೆ ಬೂದಿಯನ್ನು ಬೇರೆ ಇಡಬೇಕು.

ಅಣ್ಣ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಲೋಡು ಬಂದಾಗೆಲ್ಲ ಒಂದೊಂದು ಡಬ್ಬಿ ಎತ್ತಿಡ್ತೀನಿ, ತಾರೀಖು ಬರೆದು. ನಿನಗೆ ಬೇಕಾಗುತ್ತಲ್ವಾ?" ಅಂದ. ಬೇಕು ಅಂದೆ. ಹುಡುಗರಿಗೆ ಒಳ್ಳೆ ಮಾಸ್ಕ್ ಕೊಡಿಸು ಅಂತಲೂ ಹೇಳಿದೆ, ಟವಲ್ ಕಟ್ಟಿಕೊಂಡರೆ ಆ ಧೂಳು ತಡೆಯೋದಿಲ್ಲ.

ರಾತ್ರಿ ಒಂಬತ್ತೂವರೆಗೆ ಮನೆ ಸೇರಿದೆ. ಕಪ್ಪು ಪುಡಿಯ ಪೊಟ್ಟಣ ಬಿಚ್ಚಿ ಅಮ್ಮನಿಗೆ ತೋರಿಸಿದೆ, ಅಯಸ್ಕಾಂತವನ್ನು ಪೇಪರಿನ ಕೆಳಗೆ ಆಡಿಸಿದಾಗ ಪುಡಿ ಎದ್ದು ನಿಂತು ಅದರ ಹಿಂದೆಯೇ ಓಡಿತು. ಅವರೆ ಗಿಡದ ಹೇನಿಗೆ ವರ್ಷವಿಡೀ ಒಲೆಯ ಬೂದಿ ಎರಚುವ ಅಮ್ಮ ಕನ್ನಡಕ ಹಾಕಿಕೊಂಡು ಹತ್ತಿರ ಬಂದು, "ಇನ್ನೊಂದು ಸಲ ಮಾಡು" ಅಂದರು.