ಮೂರನೇ ಸ್ಥಾನದ ಪಂದ್ಯವನ್ನೇ ನೋಡಿ: ಆಫ್ರಿಕಾ ತಂಡಗಳು ವಿಶ್ವ ವಾಲಿಬಾಲ್‌ಗೆ ಬರುವ ಲೆಕ್ಕ

ನಮ್ಮ ಮಂಗಳೂರು-ಉಡುಪಿ ಕಡೆಯ ಹೊನಲು ಬೆಳಕಿನ ಪಂದ್ಯಾಟಗಳಲ್ಲಿ ಮೂರನೇ ಸ್ಥಾನಕ್ಕೆ ಪಂದ್ಯ ಆಡಿಸುವುದು ಕಡಿಮೆ. ಅಷ್ಟೊತ್ತಿಗೆ ರಾತ್ರಿ ಎರಡು ಗಂಟೆ ದಾಟಿರುತ್ತದೆ, ಸೆಮಿಯಲ್ಲಿ ಸೋತ ಎರಡೂ ತಂಡಗಳಿಗೆ ಸಮಾನ ನಗದು ಕೊಟ್ಟು ಸಂಘಟಕರು ಕೈತೊಳೆದುಕೊಳ್ಳುತ್ತಾರೆ. ಆಫ್ರಿಕಾ ಖಂಡದ ಪುರುಷರ ಚಾಂಪಿಯನ್‌ಶಿಪ್ ನೋಡಲು ಕೂರುವವರು ಈ ಅಭ್ಯಾಸ ಬಿಡಬೇಕು. ಈಗಿನ ನಿಯಮದಲ್ಲಿ ಫೈನಲ್ ತಲುಪಿದ ಎರಡೂ ತಂಡಗಳಿಗೆ ವಿಶ್ವ ಚಾಂಪಿಯನ್‌ಶಿಪ್ ಟಿಕೆಟ್ ಆಗಲೇ ಸಿಕ್ಕಿರುತ್ತದೆ. ಮೂರನೇ ಸ್ಥಾನಕ್ಕೆ ಆಡುವ ಎರಡರಲ್ಲಿ ಗೆದ್ದದ್ದು ಒಳಗೆ, ಸೋತದ್ದು ರ‍್ಯಾಂಕಿಂಗ್ ಪಟ್ಟಿಯ ದಯೆಗೆ ಕಾಯಬೇಕು. ಆ ದಯೆ ಆಫ್ರಿಕಾದವರಿಗೆ ಸಿಗುವುದು ಯಾಕೆ ಕಷ್ಟ ಎನ್ನುವುದರಲ್ಲೇ ವಿಷಯ ಇರುವುದು.

2025ರ ಸೆಪ್ಟೆಂಬರ್‌ನಲ್ಲಿ ಫಿಲಿಪ್ಪೀನ್ಸ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಮೊದಲ ಸಲ 32 ತಂಡಗಳಿಗೆ ಜಾಗ ಮಾಡಿದರು. ಅದಕ್ಕಿಂತ ಮೊದಲು 24 ಇತ್ತು. ಆತಿಥೇಯರಿಗೆ ಒಂದು, ಹಿಂದಿನ ಚಾಂಪಿಯನ್ ಇಟಲಿಗೆ ಒಂದು, ಐದು ಖಂಡಗಳ ಚಾಂಪಿಯನ್‌ಶಿಪ್‌ಗಳಿಂದ ತಲಾ ಮೂರರಂತೆ 15, ಉಳಿದ 15 ವಿಶ್ವ ರ‍್ಯಾಂಕಿಂಗ್‌ನಿಂದ. ಆಫ್ರಿಕಾದ ಮಟ್ಟಿಗೆ 2023ರ ಸೆಪ್ಟೆಂಬರ್‌ನಲ್ಲಿ ಕೈರೊದಲ್ಲಿ ನಡೆದ ಕೂಟವೇ ಅರ್ಹತಾ ಕೂಟ. ಈಜಿಪ್ಟ್ ಗೆದ್ದಿತು, ಅಲ್ಜೀರಿಯಾ ಎರಡನೆಯದು, ಲಿಬಿಯಾ ಮೂರನೆಯದು. ಮೊದಲ ಮೂರರಲ್ಲಿ ಟ್ಯುನೀಷಿಯಾ ಇಲ್ಲವೇ ಇಲ್ಲ! 2017, 2019, 2021ರಲ್ಲಿ ಸಾಲಾಗಿ ಮೂರು ಸಲ ಖಂಡದ ಚಾಂಪಿಯನ್ ಆಗಿದ್ದ ತಂಡ ಅದು. ಕೊನೆಗೆ ಅದು ಒಳಗೆ ಬಂದದ್ದು ರ‍್ಯಾಂಕಿಂಗ್ ಬಾಗಿಲಿನಿಂದ. ಹಾಗಾಗಿ ಆಫ್ರಿಕಾದಿಂದ ಒಟ್ಟು ನಾಲ್ಕು ತಂಡಗಳು ಮನಿಲಾಕ್ಕೆ ಹೋದವು.

2022ರ ಲೆಕ್ಕ ಬೇರೆ. ಖಂಡಕ್ಕೆ ಎರಡೇ ನೇರ ಸ್ಥಾನ. 2021ರಲ್ಲಿ ರುವಾಂಡಾದ ಕಿಗಾಲಿಯಲ್ಲಿ ಫೈನಲ್ ಆಡಿದ ಟ್ಯುನೀಷಿಯಾ ಮತ್ತು ಕ್ಯಾಮರೂನ್ ನೇರವಾಗಿ ಹೋದವು, ಮೂರನೆಯದಾದ ಈಜಿಪ್ಟ್ ರ‍್ಯಾಂಕಿಂಗ್ ಮೇಲೆ ಹೋಯಿತು. ರಷ್ಯಾದಲ್ಲಿ ಆಗಬೇಕಿದ್ದ ಆ ವಿಶ್ವ ಕೂಟ ಯುದ್ಧದ ಕಾರಣ ಪೋಲೆಂಡ್ ಮತ್ತು ಸ್ಲೊವೇನಿಯಾಕ್ಕೆ ಬಂತು. ಅದಕ್ಕೂ ಹಿಂದೆ, 2014ರ ಕೂಟಕ್ಕೆ, ಆಫ್ರಿಕಾದಲ್ಲಿ ವಲಯ ಮಟ್ಟದಿಂದ ಸುತ್ತು ಸುತ್ತಾಗಿ ಅರ್ಹತಾ ಪಂದ್ಯಗಳು ನಡೆಯುತ್ತಿದ್ದವು. ಖಂಡದ ಒಕ್ಕೂಟ ಕೈರೊದಲ್ಲಿದೆ, ಅದರ ಕೆಳಗೆ ಏಳು ವಲಯಗಳು. ಚಿಕ್ಕ ದೇಶಗಳಿಗೆ ಆ ಪದ್ಧತಿಯಲ್ಲಿ ಆಡಲು ಪಂದ್ಯಗಳಾದರೂ ಸಿಗುತ್ತಿದ್ದವು. ಈಗ ಒಂದೇ ಊರಲ್ಲಿ, ಒಂದೇ ಕೂಟದಲ್ಲಿ ಎಲ್ಲ ತೀರ್ಮಾನ. ಖರ್ಚು ಕಡಿಮೆ, ಟಿವಿಯವರಿಗೂ ಅನುಕೂಲ, ಒಪ್ಪೋಣ. ಆದರೆ ಒಂದು ಕೆಟ್ಟ ದಿನಕ್ಕೆ ಎರಡು ವರ್ಷ ಹೋಗುತ್ತದೆ.

ಇನ್ನು ರ‍್ಯಾಂಕಿಂಗ್. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಯಾಕೆಂದರೆ ನಮ್ಮಲ್ಲಿ ಹೆಚ್ಚಿನವರು ಇದನ್ನು ‘ಗೆದ್ದರೆ ಅಂಕ, ಸೋತರೆ ಇಲ್ಲ’ ಎಂದು ತಿಳಿದಿದ್ದಾರೆ. ಹಾಗಲ್ಲ. 2020ರಿಂದ ಬಳಕೆಯಲ್ಲಿರುವ ಪದ್ಧತಿಯಲ್ಲಿ ಪ್ರತಿ ಪಂದ್ಯಕ್ಕೂ ಮೊದಲೇ ಒಂದು ನಿರೀಕ್ಷಿತ ಫಲಿತಾಂಶ ಇರುತ್ತದೆ. ಎರಡು ತಂಡಗಳ ರ‍್ಯಾಂಕಿಂಗ್ ಅಂಕದ ಅಂತರವನ್ನು 8ರಿಂದ ಗುಣಿಸಿ 1000ದಿಂದ ಭಾಗಿಸಿದರೆ ಬಲದ ಅಂತರ ಸಿಗುತ್ತದೆ. ಅದರಿಂದ 3-0, 3-1, 3-2, 2-3, 1-3, 0-3 ಎಂಬ ಆರು ಫಲಿತಾಂಶಗಳಲ್ಲಿ ಯಾವುದಕ್ಕೆ ಎಷ್ಟು ಸಾಧ್ಯತೆ ಎಂದು ತೆಗೆಯುತ್ತಾರೆ. ಈ ಆರಕ್ಕೆ ಕ್ರಮವಾಗಿ +2, +1.5, +1, –1, –1.5, –2 ಬೆಲೆ. ನಿಜವಾಗಿ ಬಂದ ಬೆಲೆಯಿಂದ ನಿರೀಕ್ಷಿತ ಬೆಲೆಯನ್ನು ಕಳೆದು, ಕೂಟದ ತೂಕದಿಂದ ಗುಣಿಸಿ, 8ರಿಂದ ಭಾಗಿಸಬೇಕು. ಒಬ್ಬರಿಗೆ ಸಿಕ್ಕಿದಷ್ಟು ಇನ್ನೊಬ್ಬರಿಂದ ಹೋಗುತ್ತದೆ. ತೂಕ ಅಂದರೆ ಒಲಿಂಪಿಕ್ಸ್‌ಗೆ 50, ವಿಶ್ವ ಚಾಂಪಿಯನ್‌ಶಿಪ್‌ಗೆ 45, ಬಲಿಷ್ಠ ತಂಡಗಳು ವರ್ಷ ವರ್ಷ ಆಡುವ ನೇಷನ್ಸ್ ಲೀಗ್‌ಗೆ 40, ಖಂಡದ ಚಾಂಪಿಯನ್‌ಶಿಪ್‌ಗೆ 35. ಕೆಳಗಿನ ಕೂಟಗಳಿಗೆ ಇನ್ನೂ ಕಡಿಮೆ.

ಸಮಬಲದ ಎರಡು ತಂಡಗಳಾದರೆ ನಿರೀಕ್ಷೆ ಸೊನ್ನೆ. ಖಂಡದ ಕೂಟದಲ್ಲಿ 3-0 ಗೆದ್ದರೆ 2×35÷8, ಅಂದರೆ 8.75 ಅಂಕ. ಅದೇ ಗೆಲುವು ನೇಷನ್ಸ್ ಲೀಗ್‌ನಲ್ಲಾದರೆ 10.

ಈಗ ಆಫ್ರಿಕಾ ಚಾಂಪಿಯನ್‌ಶಿಪ್‌ನ ಮಾಮೂಲಿ ಗುಂಪು ಪಂದ್ಯ ತೆಗೆದುಕೊಳ್ಳಿ. ಬಲಿಷ್ಠ ತಂಡ ಎದುರಾಳಿಗಿಂತ 100 ಅಂಕ ಮುಂದಿದೆ ಎಂದಿಟ್ಟುಕೊಳ್ಳೋಣ. ಬಲದ ಅಂತರ 0.8. ಅದು 3-0 ಗೆಲ್ಲುವ ಸಾಧ್ಯತೆ ಸುಮಾರು ಶೇ 40, ಹೇಗಾದರೂ ಗೆಲ್ಲುವ ಸಾಧ್ಯತೆ ಸುಮಾರು ಶೇ 79. ನಿರೀಕ್ಷಿತ ಬೆಲೆ 1.03ರ ಹತ್ತಿರ ಬರುತ್ತದೆ. ಹಾಗಾದರೆ ನೇರ ಸೆಟ್‌ಗಳಲ್ಲಿ ಗೆದ್ದರೂ ಸಿಗುವುದು ನಾಲ್ಕೂಕಾಲು ಅಂಕ ಮಾತ್ರ. ಒಂದು ಸೆಟ್ ಬಿಟ್ಟುಕೊಟ್ಟರೆ ಎರಡರ ಹತ್ತಿರ. ಐದನೇ ಸೆಟ್‌ಗೆ ಎಳೆದುಕೊಂಡು ಗೆದ್ದರೆ ಸಿಕ್ಕಿದ್ದು ಏನೂ ಇಲ್ಲ ಅನ್ನಬಹುದು. 0-3 ಸೋತರೆ ಮಾತ್ರ 13 ಅಂಕಕ್ಕಿಂತ ಹೆಚ್ಚು ಒಂದೇ ಏಟಿಗೆ ಹೋಗುತ್ತದೆ. ಮೂರು ಚೊಕ್ಕ ಗೆಲುವುಗಳ ಗಳಿಕೆ ಒಂದು ಸೋಲಿಗೆ ಸಾಲುವುದಿಲ್ಲ.

ಖಂಡದೊಳಗೆ ಎಷ್ಟೇ ಗೆದ್ದರೂ ಮೇಲೇರುವುದು ನಿಧಾನ, ಜಾರುವುದು ಬೇಗ. ಮೇಲೇರಬೇಕಾದರೆ ತಮಗಿಂತ ಬಲಿಷ್ಠರ ಎದುರು ಆಡಬೇಕು. ಅಂಥ ಪಂದ್ಯಗಳೆಲ್ಲ ಇರುವುದು ನೇಷನ್ಸ್ ಲೀಗ್‌ನಲ್ಲಿ: 2025ರಿಂದ 18 ತಂಡ, ಪ್ರಾಥಮಿಕ ಹಂತದಲ್ಲೇ ಪ್ರತಿ ತಂಡಕ್ಕೆ 12 ಪಂದ್ಯ, ಎಲ್ಲಕ್ಕೂ 40ರ ತೂಕ. ಅದರಲ್ಲಿ ಆಫ್ರಿಕಾದ ಒಂದು ತಂಡವೂ ಇಲ್ಲ. ಹಳೆಯ ವರ್ಲ್ಡ್ ಲೀಗ್ ಇದ್ದಾಗ ಈಜಿಪ್ಟ್, ಟ್ಯುನೀಷಿಯಾ ಎರಡೂ ಆಡಿದ್ದುಂಟು. 2018ರಲ್ಲಿ ಅದರ ಜಾಗಕ್ಕೆ ನೇಷನ್ಸ್ ಲೀಗ್ ಬಂದ ಮೇಲೆ ಆ ಬಾಗಿಲು ಮುಚ್ಚಿತು. ಈಗ ಅದರೊಳಗೆ ಹೋಗಲು ರ‍್ಯಾಂಕಿಂಗ್ ಬೇಕು, ರ‍್ಯಾಂಕಿಂಗ್ ಏರಲು ಅದರೊಳಗೆ ಇರಬೇಕು. ಅನುಭವ ಇಲ್ಲದೆ ಕೆಲಸ ಇಲ್ಲ, ಕೆಲಸ ಇಲ್ಲದೆ ಅನುಭವ ಇಲ್ಲ ಅಂತಾರಲ್ಲ, ಅದೇ ಕಥೆ. ಏಷ್ಯಾದಲ್ಲಿ ಭಾರತದ ಪಾಡೂ ಇದಕ್ಕಿಂತ ಬೇರೆಯಲ್ಲ. 2023ರ ಏಷ್ಯನ್ ಚಾಂಪಿಯನ್‌ಶಿಪ್‌ನ ಮೊದಲ ಮೂರು ಸ್ಥಾನ ಜಪಾನ್, ಇರಾನ್, ಖತಾರ್ ಪಾಲಾಯಿತು.

ಲೆಕ್ಕ ಎರಡೂ ಕಡೆ ಹೇಗೆ ಕಡಿಯುತ್ತದೆ ಎಂದು ನೋಡಲು 2025ರ ವಿಶ್ವ ಚಾಂಪಿಯನ್‌ಶಿಪ್‌ನ ಎ ಗುಂಪು ಸಾಕು. ಫಿಲಿಪ್ಪೀನ್ಸ್, ಇರಾನ್, ಈಜಿಪ್ಟ್, ಟ್ಯುನೀಷಿಯಾ ಒಂದೇ ಗುಂಪಿನಲ್ಲಿದ್ದವು. ಈಜಿಪ್ಟ್ ತನ್ನ ಮೊದಲ ಪಂದ್ಯದಲ್ಲಿ ಇರಾನ್ ಅನ್ನು 3-1ರಿಂದ ಸೋಲಿಸಿತು. ಎಲ್ಲರೂ ಹುಬ್ಬೇರಿಸಿದರು. ಮುಂದಿನ ಪಂದ್ಯದಲ್ಲಿ ಅದೇ ಈಜಿಪ್ಟ್ ಆತಿಥೇಯ ಫಿಲಿಪ್ಪೀನ್ಸ್‌ಗೆ 1-3ರಿಂದ ಸೋತಿತು. ಇರಾನ್ ನೂರು ಅಂಕ ಮುಂದೆ, ಫಿಲಿಪ್ಪೀನ್ಸ್ ನೂರು ಅಂಕ ಹಿಂದೆ ಎಂದು ಉದಾಹರಣೆಗೆ ಹಿಡಿದರೆ, 45ರ ತೂಕದಲ್ಲಿ ಮೊದಲ ಪಂದ್ಯಕ್ಕೆ 14 ಚಿಲ್ಲರೆ ಅಂಕ ಬರುತ್ತದೆ, ಎರಡನೆಯದರಲ್ಲಿ ಅಷ್ಟೇ ಹೋಗುತ್ತದೆ. ಎರಡು ದಿನಗಳ ಹಿಂದಿನ ಚಪ್ಪಾಳೆ ಅಲ್ಲಿಗೆ ಚುಕ್ತಾ. ಕೊನೆಯ ಪಂದ್ಯದಲ್ಲಿ ಟ್ಯುನೀಷಿಯಾ 3-0ರಿಂದ ಈಜಿಪ್ಟನ್ನು ಮನೆಗೆ ಕಳಿಸಿತು. ಟ್ಯುನೀಷಿಯಾ ಮತ್ತು ಇರಾನ್ ತಲಾ ಎರಡು ಗೆಲುವಿನೊಂದಿಗೆ ಮುಂದೆ ಹೋದವು. ಹದಿನಾರರ ಸುತ್ತಿನಲ್ಲಿ ಟ್ಯುನೀಷಿಯಾಕ್ಕೆ ಜೆಕ್ ತಂಡ ಅಡ್ಡ ಬಂತು. ಅಲ್ಜೀರಿಯಾ ಇಟಲಿ, ಬೆಲ್ಜಿಯಂ, ಉಕ್ರೇನ್ ಜೊತೆ ಸಿಕ್ಕಿಬಿದ್ದಿತ್ತು. ಲಿಬಿಯಾಕ್ಕೆ ಜಪಾನ್, ಕೆನಡಾ, ಟರ್ಕಿ. ಅಲ್ಲಿ ದೊಡ್ಡ ನಿರೀಕ್ಷೆ ಯಾರಿಗೂ ಇರಲಿಲ್ಲ.

ಗುಂಪಿನ ಪಟ್ಟಿ ಓದುವಾಗ ಒಂದು ಎಚ್ಚರ. ಅಲ್ಲಿ ಮೊದಲು ನೋಡುವುದು ಗೆದ್ದ ಪಂದ್ಯಗಳ ಸಂಖ್ಯೆ. ಅದು ಸಮವಾದರೆ ಪಾಯಿಂಟ್ (3-0, 3-1ಕ್ಕೆ ಮೂರು, 3-2 ಆದರೆ ಗೆದ್ದವರಿಗೆ ಎರಡು, ಸೋತವರಿಗೆ ಒಂದು), ಆಮೇಲೆ ಸೆಟ್ ಅನುಪಾತ, ಆಮೇಲೆ ಅಂಕಗಳ ಅನುಪಾತ. ಎ ಗುಂಪಿನಲ್ಲಿ ಟ್ಯುನೀಷಿಯಾ ಆರು ಪಾಯಿಂಟ್‌ನೊಂದಿಗೆ ಇರಾನ್‌ಗಿಂತ ಮೇಲೆ ನಿಂತದ್ದು ಇರಾನ್ ಫಿಲಿಪ್ಪೀನ್ಸ್ ಎದುರು ಐದು ಸೆಟ್ ಆಡಿದ್ದರಿಂದ.

ಖಂಡದೊಳಗಿನ ಇತಿಹಾಸವನ್ನೂ ಒಮ್ಮೆ ನೋಡಿ. 1967ರಿಂದ 2023ರ ತನಕ 24 ಕೂಟ. ಟ್ಯುನೀಷಿಯಾ 11, ಈಜಿಪ್ಟ್ 9, ಅಲ್ಜೀರಿಯಾ 2 (1991, 1993), ಕ್ಯಾಮರೂನ್ 2 (1989, 2001). ಐದನೇ ದೇಶದ ಹೆಸರೇ ಇಲ್ಲ. ಉತ್ತರದ ಪ್ರಾಬಲ್ಯಕ್ಕೆ ಕಾರಣ ಕ್ಲಬ್‌ಗಳು. ಕೈರೊದ ಅಲ್ ಅಹ್ಲಿ ಮತ್ತು ಝಮಾಲೆಕ್, ಟ್ಯುನಿಸ್‌ನ ಎಸ್ಪೆರಾನ್ಸ್ ಫುಟ್‌ಬಾಲ್‌ಗೆ ಹೆಸರಾದರೂ ವಾಲಿಬಾಲ್ ವಿಭಾಗವನ್ನು ವರ್ಷಪೂರ್ತಿ ಸಾಕುತ್ತವೆ. ಆಟಗಾರರು ಕ್ಲಬ್‌ನಲ್ಲೇ ಜೊತೆಯಾಗಿ ಬೆಳೆದಿರುತ್ತಾರೆ. ಇದರ ಬೆಲೆ ಗೊತ್ತಾಗುವುದು ಹೊಡೆಯಲು ಚೆಂಡು ಎತ್ತಿಕೊಡುವ ಲಿಫ್ಟರ್ ಮತ್ತು ಮಧ್ಯದ ಬ್ಲಾಕರ್ ನಡುವಿನ ಕ್ವಿಕ್ ಎಂಬ ವೇಗದ ಹೊಡೆತದಲ್ಲಿ. ಚೆಂಡು ಲಿಫ್ಟರ್ ಕೈ ಮುಟ್ಟುವ ಹೊತ್ತಿಗೆ ಹೊಡೆಯುವವ ಗಾಳಿಯಲ್ಲಿರಬೇಕು. ಇದು ಎರಡು ವಾರದ ಶಿಬಿರದಲ್ಲಿ ಬರುವಂಥದ್ದಲ್ಲ ಮಾರಾಯ್ರೆ. ಒಬ್ಬೊಬ್ಬರು ಯುರೋಪಿನ ಒಂದೊಂದು ಲೀಗ್‌ನಿಂದ ಬಂದು ಸೇರುವ ತಂಡ ಸೋಲುವುದು ಎಲ್ಲಿ ಎಂದು ನೋಡಬೇಕಾದರೆ ಎದುರಾಳಿಯ ಜಂಪ್ ಸರ್ವ್ ಬಂದಾಗ ಮೊದಲ ಪಾಸ್ ಎಲ್ಲಿ ಬೀಳುತ್ತದೆ ನೋಡಿ. ಪಾಸ್ ಮೂರು ಮೀಟರ್ ಗೆರೆಯ ಹಿಂದೆ ಉಳಿದರೆ ಕ್ವಿಕ್ ಸತ್ತಿತು. ಲಿಫ್ಟರ್‌ಗೆ ಉಳಿಯುವುದು ಮೂಲೆಗೆ ಎತ್ತರದ ಚೆಂಡು ಮಾತ್ರ. 2.43 ಮೀಟರ್ ನೆಟ್ ಮೇಲೆ ಆಗಲೇ ಇಬ್ಬರ, ಒಮ್ಮೊಮ್ಮೆ ಮೂವರ ಬ್ಲಾಕ್ ನಿಂತಿರುತ್ತದೆ. ಕ್ಯಾಮರೂನ್‌ನ ಹೊಡೆತಗಾರರ ಜಿಗಿತ ನೋಡಿ ಮರುಳಾಗುವವರು ಈ ಮೊದಲ ಪಾಸನ್ನು ಗಮನಿಸುವುದೇ ಇಲ್ಲ.

ಅಂಗಳದ ಹೊರಗೂ ತಂಡಗಳು ಬೀಳುತ್ತವೆ. 2021ರಲ್ಲಿ ಕಿಗಾಲಿಯಲ್ಲೇ ನಡೆದ ಮಹಿಳೆಯರ ಆಫ್ರಿಕಾ ಚಾಂಪಿಯನ್‌ಶಿಪ್‌ನಲ್ಲಿ ಆತಿಥೇಯ ರುವಾಂಡಾ ಬ್ರೆಜಿಲ್ ಮೂಲದ ನಾಲ್ವರು ಆಟಗಾರ್ತಿಯರನ್ನು ಇಳಿಸಿತ್ತು. ಅವರ ಅರ್ಹತೆಯ ಬಗ್ಗೆ ತಕರಾರು ಎದ್ದು ಕೂಟವೇ ನಡುವೆ ನಿಂತಿತು, ರುವಾಂಡಾ ಅನರ್ಹವಾಯಿತು. ವಾಲಿಬಾಲ್‌ನಲ್ಲಿ ಪಾಸ್‌ಪೋರ್ಟ್ ಇದ್ದ ಮಾತ್ರಕ್ಕೆ ಆಗುವುದಿಲ್ಲ, ಒಂದು ದೇಶದ ಒಕ್ಕೂಟದಿಂದ ಇನ್ನೊಂದಕ್ಕೆ ಬದಲಾಗಲು ಅಂತರರಾಷ್ಟ್ರೀಯ ಒಕ್ಕೂಟದ ಒಪ್ಪಿಗೆ ಬೇಕು. ನಮ್ಮ ಪಂದ್ಯಾಟಗಳಲ್ಲಿ ಹೊರಗಿನ ಆಟಗಾರ ಎಷ್ಟು ಜನ ಎಂದು ಮೈಕಿನ ಎದುರೇ ಜಗಳವಾಗುತ್ತದಲ್ಲ, ಅದರ ದೊಡ್ಡ ರೂಪ.

ಮುಂದಿನ ವಿಶ್ವ ಚಾಂಪಿಯನ್‌ಶಿಪ್ 2027ರಲ್ಲಿ ಪೋಲೆಂಡ್‌ನಲ್ಲಿ. ಈಗ ಅದು ಎರಡು ವರ್ಷಕ್ಕೊಮ್ಮೆ. 32 ತಂಡಗಳೇ, 2026ರ ಖಂಡದ ಕೂಟದಿಂದ ಮೊದಲ ಮೂರು ನೇರ. ಇದರ ಮೇಲೆ ಇನ್ನೊಂದು ಸೇರಿದೆ: 2026ರ ಖಂಡದ ಚಾಂಪಿಯನ್‌ಗೆ 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೂ ನೇರ ಪ್ರವೇಶ. ಪ್ಯಾರಿಸ್‌ಗೆ ಈಜಿಪ್ಟ್ ಹೋದದ್ದು ರ‍್ಯಾಂಕಿಂಗ್ ಲೆಕ್ಕದಲ್ಲಿ. ಈ ಸಲ ಹಾಗೆ ಕಾಯಬೇಕಾಗಿಲ್ಲ, ಚಿನ್ನ ಗೆದ್ದರೆ ಎರಡೂ ಕೈಗೆ. ಫೈನಲ್‌ಗೂ ಬೆಲೆ ಬಂತು ಎನ್ನಬಹುದು. ಆದರೂ ನನ್ನ ಕಣ್ಣು ಮೂರನೇ ಸ್ಥಾನದ ಮೇಲೆಯೇ. ಫೈನಲ್‌ನಲ್ಲಿ ಸೋತವನಿಗೆ ಪೋಲೆಂಡ್ ಇದ್ದೇ ಇದೆ. ನಾಲ್ಕನೆಯವ ಟ್ಯುನೀಷಿಯಾ ಅಥವಾ ಈಜಿಪ್ಟ್ ಆಗಿದ್ದರೆ ರ‍್ಯಾಂಕಿಂಗ್ ಕಾಪಾಡಬಹುದು. ಕ್ಯಾಮರೂನ್ ಅಥವಾ ಲಿಬಿಯಾ ಆಗಿದ್ದರೆ ಅಲ್ಲಿಗೆ ಮುಗಿಯಿತು.

ನೋಡುವವರಿಗೆ ಸಮಯದ ಲೆಕ್ಕ: ಸೆಪ್ಟೆಂಬರ್‌ನಲ್ಲಿ ಪೋಲೆಂಡ್ ನಮಗಿಂತ ಮೂರೂವರೆ ಗಂಟೆ ಹಿಂದೆ, ಅಲ್ಲಿ ರಾತ್ರಿ ಎಂಟೂವರೆಯ ಪಂದ್ಯ ಎಂದರೆ ಇಲ್ಲಿ ನಡುರಾತ್ರಿ. ವಿಶ್ವ ರ‍್ಯಾಂಕಿಂಗ್ ಪಟ್ಟಿ ಪ್ರತಿ ಪಂದ್ಯ ಮುಗಿದ ಕೂಡಲೇ ಬದಲಾಗುತ್ತದೆ, ಬೆಳಿಗ್ಗೆ ಎದ್ದು ನೋಡಿದರೂ ನಡೆಯುತ್ತದೆ. ಅಲ್ಲಿ ಸ್ಥಾನದ ಸಂಖ್ಯೆಗಿಂತ ಪಕ್ಕದ ಅಂಕ ಓದಿ, ನಿಮ್ಮ ತಂಡಕ್ಕೂ ಮೇಲಿನ ತಂಡಕ್ಕೂ ಅಂತರ ಎಷ್ಟು, ಅರ್ಹತೆಗೆ ಪಟ್ಟಿ ನೋಡುವ ನಿಗದಿತ ದಿನದ ಒಳಗೆ ಇನ್ನೆಷ್ಟು ಪಂದ್ಯ ಬಾಕಿ, ಯಾವ ತೂಕದ್ದು ಎಂದು ಕೂಡಿಸಿ ನೋಡಿ. ಹತ್ತು ಅಂಕದ ಅಂತರ, ಬಾಕಿ ಇರುವುದು 35ರ ತೂಕದ ಎರಡು ಸುಲಭ ಪಂದ್ಯ ಅಂತಾದರೆ, ಎರಡನ್ನೂ 3-0 ಗೆದ್ದರೂ ಎಂಟೂವರೆಯ ಆಸುಪಾಸಿನಲ್ಲಿ ನಿಲ್ಲುತ್ತದೆ.