ಕೆಂಡದ ವಾಸನೆ

ಈಸ್ಟರ್ ಕಳೆದು ಮೂರು ವಾರವಾಯಿತು. ಇನ್ನೂ ಆ ವಾಸನೆ ಮೂಗಿನಲ್ಲೇ ಇದೆ. ಇದ್ದಲಿ ಹೊತ್ತಿ ಕೆಂಡವಾಗುವಾಗ ಬರುತ್ತಲ್ಲ, ಆ ವಾಸನೆ.

ನಮ್ಮದು ಹಳೇ ಬಾಗಲಕೋಟೆ. ಆಲಮಟ್ಟಿ ಆಣೆಕಟ್ಟಿನ ಹಿನ್ನೀರಿಗೆ ನಮ್ಮ ಮನೆ ಮುಳುಗಡೆಯಾಯಿತು. ಈಗ ನವನಗರದಲ್ಲಿದ್ದೇವೆ. ಆದರೆ ಮನೆ ಹೋದದ್ದಕ್ಕಿಂತ ಜಾಸ್ತಿ ನೋವು ಕೊಟ್ಟದ್ದು ಅದಕ್ಕೆ ಬಂದ ಪರಿಹಾರದ ದುಡ್ಡು. ಅದನ್ನು ಹಂಚಿಕೊಳ್ಳುವಾಗ ನನಗೂ ತಮ್ಮನಿಗೂ ಮಾತು ಬೆಳೆಯಿತು. ಆಯಿ, ಅಂದರೆ ನಮ್ಮ ತಾಯಿ, ಇದ್ದಲಿ ಹಾಕುವ ಶೆಗಡಿ ಮುಂದೆ ಕೂತು ಹಪ್ಪಳ ಸುಡುತ್ತಿದ್ದಳು. ತಮ್ಮ ಒಂದು ಮಾತು ಅಂದ. ಆಯಿಯ ಕೈಯಲ್ಲಿದ್ದ ಹಪ್ಪಳ ಕರ್ರಗಾಯಿತು, ಅವಳು ತೆಗೆಯಲೇ ಇಲ್ಲ.

ತಮ್ಮನ ಆ ಮಾತನ್ನು ನಾನು 17 ವರ್ಷ ಹೊತ್ತುಕೊಂಡು ತಿರುಗಿದೆ. ಸಂಜೆ ಹೊತ್ತು ಗೋವಿನಜೋಳದ ತೆನೆ ಸುಡುವ ಗಾಡಿ ಹತ್ತಿರ ಹೋದರೆ ಸಾಕು, ಎದೆ ಬಡಿದುಕೊಳ್ಳುತ್ತಿತ್ತು. ರಾತ್ರಿ ಎರಡಕ್ಕೆ ಎಚ್ಚರವಾಗಿ, ಅವನಿಗೆ ಕೊಡಬೇಕಿದ್ದ ಉತ್ತರಗಳನ್ನು ಒಂದೊಂದಾಗಿ ಜೋಡಿಸುತ್ತಿದ್ದೆ. ಬಿಪಿ ಮಾತ್ರೆ ಶುರುವಾಯಿತು. ಅದಕ್ಕೆ ಬೇರೆ ಕಾರಣಗಳೂ ಇರಬಹುದು. ಆದರೆ ಸಿಟ್ಟಿನ ನೆನಪು ಬಂದಾಗಲೆಲ್ಲ ಮೈ ಬಿಗಿಯುವುದು, ನಿದ್ದೆ ಹಾರುವುದು ನನಗೆ ಚೆನ್ನಾಗಿ ಗೊತ್ತಿತ್ತು. ವಾಸನೆಯ ದಾರಿ ಮೆದುಳಿನಲ್ಲಿ ನೆನಪು, ಭಾವನೆಗಳ ಜಾಗಕ್ಕೆ ತೀರ ಹತ್ತಿರವಂತೆ. ಅದಕ್ಕೇ ಇರಬೇಕು, ಒಂದು ಉಸಿರಿಗೆ 17 ವರ್ಷ ಹಿಂದಕ್ಕೆ ಹೋಗಿ ನಿಲ್ಲುತ್ತಿದ್ದೆ.

ಪ್ರಾರ್ಥನೆ ಮಾಡಲಿಲ್ಲವೇ ಅಂದರೆ, ಮಾಡಿದೆ. "ದೇವರೇ, ಇದನ್ನು ಮರೆಸು" ಅಂತ ಕೇಳಿದೆ. ಮರೆಯಲಿಲ್ಲ.

ಈಸ್ಟರ್ ನಂತರದ ರವಿವಾರ ಸಭಾಪಾಲಕರು ಯೋಹಾನನ ಸುವಾರ್ತೆಯ 21ನೇ ಅಧ್ಯಾಯ ಓದಿದರು. ಸತ್ತು ಎದ್ದುಬಂದ ಯೇಸುಸ್ವಾಮಿ ತಿಬೇರಿಯ ಸಮುದ್ರದ ದಡದಲ್ಲಿ ಕೆಂಡ ಮಾಡಿದ್ದಾನೆ. ಮೇಲೆ ಮೀನು, ಜೊತೆಗೆ ರೊಟ್ಟಿ. ಚಿಕ್ಕಂದಿನಲ್ಲಿ ಅದು ಜೋಳದ ರೊಟ್ಟಿಯೇ ಅಂತ ನಂಬಿದ್ದೆವು. ಈಗಲೂ ಆ ಸಾಲು ಕೇಳಿದರೆ ನನಗೆ ಆಯಿ ಬಡಿದ ರೊಟ್ಟಿಯೇ ಕಾಣುತ್ತದೆ. ಪಾಸ್ಟರ್ ಅಲ್ಲಿಗೆ ನಿಲ್ಲಿಸಿ 18ನೇ ಅಧ್ಯಾಯಕ್ಕೆ ಹಿಂದೆ ಹೋದರು. ಯೇಸುವನ್ನು ಹಿಡಿದೊಯ್ದ ರಾತ್ರಿ. ಮಹಾಯಾಜಕನ ಅಂಗಳ, ಚಳಿ, ಇದ್ದಲಿನ ಬೆಂಕಿ. ಅದರ ಮುಂದೆ ಕೈ ಕಾಯಿಸಿಕೊಳ್ಳುತ್ತ ಯೇಸುವಿನ ಶಿಷ್ಯ ಪೇತ್ರ "ನಾನು ಅವನ ಶಿಷ್ಯನಲ್ಲ" ಅಂದ. ಹೊಸ ಒಡಂಬಡಿಕೆಯಲ್ಲಿ ಇದ್ದಲಿ ಬೆಂಕಿಗೆ ಇರುವ ಗ್ರೀಕ್ ಪದ ಎರಡೇ ಕಡೆ ಬರುತ್ತದಂತೆ. ಒಂದು ಆ ಅಂಗಳದಲ್ಲಿ, ಇನ್ನೊಂದು ಈ ದಡದಲ್ಲಿ.

ಅದನ್ನು ಕೇಳುತ್ತ ಕೂತಾಗಲೇ ನನಗೆ ಇನ್ನೊಂದು ಮಾತು ನೆನಪಾಯಿತು. ತಮ್ಮನದ್ದಲ್ಲ, ನನ್ನದು. ಅವತ್ತು ಅವನು ಅಂದದ್ದಕ್ಕೆ ನಾನು ಎದ್ದು ನಿಂತು, "ನನಗ ತಮ್ಮನೇ ಇಲ್ಲ ಅಂತ ತಿಳಕೋತೀನಿ" ಅಂದಿದ್ದೆ. ಆಯಿಯ ಕೈ ನಿಂತದ್ದು ಆಗ. ಹಪ್ಪಳ ಸುಟ್ಟದ್ದು ನನ್ನ ಮಾತಿಗೆ.

ಇಷ್ಟು ವರ್ಷ ಅದೆಲ್ಲಿತ್ತು? ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಹಳೇ ಊರಿನ ಪಾಯದ ಕಲ್ಲು ಕಾಣುವ ಹಾಗೆ, ಆ ಮಾತು ಮೇಲೆ ಬಂತು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಪೇತ್ರನೂ ಕೋಳಿ ಕೂಗಿದಾಗ, "ಕೋಳಿ ಕೂಗುವ ಮೊದಲು ಮೂರು ಸಲ ನನ್ನನ್ನು ಅರಿಯೆ ಅನ್ನುತ್ತೀ" ಅಂದಿದ್ದ ಸ್ವಾಮಿಯ ಮಾತು ನೆನಪಾಗಿ ಹೊರಗೆ ಹೋಗಿ ಅತ್ತನಲ್ಲವೇ? ಅವನಿಗೆ ಆ ವಾಸನೆಯನ್ನು ಸ್ವಾಮಿ ಮರೆಸಲಿಲ್ಲ. ಮತ್ತೆ ಅದೇ ಬೆಂಕಿ ಹೊತ್ತಿಸಿ, ಮೊದಲು ಊಟಕ್ಕೆ ಕರೆದ. ಊಟ ಆದ ಮೇಲೆ ಮೂರು ಸಲ "ನನ್ನನ್ನು ಪ್ರೀತಿಸುತ್ತೀಯಾ" ಅಂತ ಕೇಳಿದ. ಮೂರು ಸಲ ಇಲ್ಲ ಅಂದವನಿಗೆ ಮೂರು ಸಲ ಹೌದು ಅನ್ನಲು ಜಾಗ ಸಿಕ್ಕಿತು. ನಾನು "ಮರೆಸು" ಅಂತ ಬೇಡಿದ್ದೇ ತಪ್ಪಾಗಿತ್ತೇನೋ.

ಆಯಿಗೆ ಇದು ಗೊತ್ತಿತ್ತು. ದಿನಾ ರಾತ್ರಿ ಕುಟುಂಬ ಪ್ರಾರ್ಥನೆಯಲ್ಲಿ ಬೈಬಲಿನ 103ನೇ ಕೀರ್ತನೆ ಹೇಳಿಸುತ್ತಿದ್ದಳು. "ಆತನ ಉಪಕಾರಗಳಲ್ಲಿ ಒಂದನ್ನೂ ಮರೆಯಬೇಡ" ಅನ್ನುವಲ್ಲಿ ನಿಲ್ಲಿಸುತ್ತಿದ್ದಳು. ಪ್ರತಿ ಮಗು ಅವತ್ತಿನ ಒಂದು ಉಪಕಾರ ಹೇಳಿ ಕಿರುಬೆರಳು ಮಡಚಬೇಕು. ಬಸ್ ಸಿಕ್ಕಿದ್ದು, ಜ್ವರ ಇಳಿದದ್ದು, ಎಮ್ಮೆ ಕರು ಹಾಕಿದ್ದು. ಜಗಳಾಡಿಕೊಂಡು ಬಂದ ದಿನ ನಾನು "ಏನೂ ಇಲ್ಲ" ಅಂದರೆ, "ಕೆಟ್ಟದ್ದು ತಾನ ನೆನಪಾಗತೈತಿ ಮಗಳ, ಒಳ್ಳೇದನ್ನ ನಾವ ಕರೀಬೇಕು" ಅನ್ನುತ್ತಿದ್ದಳು. ನಾನು ಬೆರಳು ಮಡಚುವ ತನಕ ಯಾರಿಗೂ ಊಟಕ್ಕೆ ಬಡಿಸುತ್ತಿರಲಿಲ್ಲ. ಅಪೊಸ್ತಲ ಪೌಲನು ಫಿಲಿಪ್ಪಿ ಊರಿನ ಸಭೆಯವರಿಗೆ ಪತ್ರ ಬರೆದಾಗ ಸೆರೆಯಲ್ಲಿದ್ದ. ಆದರೂ ಸತ್ಯವಾದದ್ದು, ಪ್ರೀತಿಕರವಾದದ್ದು ಯಾವುದೋ ಅದನ್ನೇ ಮನಸ್ಸಿನಲ್ಲಿಡಿ ಅಂದ. ಆಯಿ ಆ ಪತ್ರವನ್ನು ಓದಿ ತಿಳಿದವಳಲ್ಲ, ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡಿದ್ದಳು.

ಈಗ ನಮ್ಮ ಎಷ್ಟು ಮನೆಗಳಲ್ಲಿ ರಾತ್ರಿ ಪ್ರಾರ್ಥನೆ ಉಳಿದಿದೆ ಹೇಳಿ? ಒಬ್ಬೊಬ್ಬರು ಒಂದೊಂದು ಮೂಲೆಯಲ್ಲಿ ಮೊಬೈಲ್ ಹಿಡಿದು ಕೂತಿರುತ್ತೇವೆ. ದಿನದಲ್ಲಿ ಕಹಿಯಾದದ್ದನ್ನೆಲ್ಲ ಹಾಗೇ ಇಟ್ಟುಕೊಂಡು ಮಲಗುತ್ತೇವೆ. ನನಗೆ ಬೇಜಾರು. ನಮ್ಮ ಮನೆಯಲ್ಲೂ ಅದು ನಿಂತು ಬಹಳ ವರ್ಷವಾಗಿದೆ, ನಿಲ್ಲಿಸಿದವಳು ನಾನೇ. ಕಿರುಬೆರಳು ಮಡಚುವ ಆ ಒಂದು ನಿಮಿಷ ಮಕ್ಕಳಿಗೆ ಕೊಡಲಿಲ್ಲ.

ಅವತ್ತು ಸಂಜೆ ತಮ್ಮನಿಗೆ ಫೋನ್ ಮಾಡಿದೆ. ನನ್ನ ಆ ಮಾತನ್ನು ಹೇಳಿ, ತಪ್ಪಾಯಿತು ಅಂದೆ. ಅವನು ಸುಮ್ನಿದ್ದ. ಅವನು ತನ್ನ ಮಾತಿನ ಬಗ್ಗೆ ಏನೂ ಅನ್ನಲಿಲ್ಲ, ಕೇಳಬೇಕು ಅಂತ ನನಗೂ ಅನಿಸಲಿಲ್ಲ. ಕೊನೆಗೆ "ಶೆಗಡಿ ಐತೇನಕ್ಕಾ ಇನ್ನೂ?" ಅಂದ.

ಮುಂದಿನ ರವಿವಾರ ಬಂದ. ಅಟ್ಟದ ಮೇಲಿದ್ದ ಶೆಗಡಿ ಇಳಿಸಿ, ಇದ್ದಲಿ ತಂದು ಅಂಗಳದಲ್ಲಿ ಹೊತ್ತಿಸಿದ್ದೆ. ಎದೆ ಬಡಿದುಕೊಂಡಿತು, ಸುಳ್ಳು ಹೇಳುವುದಿಲ್ಲ. ಆದರೂ ಕೂತೆ. ಹಪ್ಪಳ ಸುಟ್ಟು ಕೊಟ್ಟೆ. ಕತ್ತಲಾಗುವ ಹೊತ್ತಿಗೆ ಅವನೇ ಕೀರ್ತನೆ ಶುರು ಮಾಡಿದ. ನಾನು ಮರೆತ ಕಡೆ ಅವನು, ಅವನು ತಡವರಿಸಿದ ಕಡೆ ನಾನು. ಆಯಿ ನಿಲ್ಲುತ್ತಿದ್ದ ಆ ಸಾಲು ಮತ್ತೆ ಬಂದಾಗ ಇಬ್ಬರೂ ನಿಂತೆವು. ತಮ್ಮ ನನ್ನ ಕಡೆ ನೋಡಲಿಲ್ಲ. ಕೆಂಡದ ಮೇಲೆ ಚಾಚಿದ್ದ ಕೈಯಲ್ಲಿ ಕಿರುಬೆರಳು ಮಡಚಿದ.