ಚಿಪ್ಪಿನ ಸೈಜ್ ಬರೆದಿಡದೆ ಮಾಡಿದ ಕೆಲಸ

ಅರಬ್ಬಿ ಸಮುದ್ರದ ತಳದಿಂದ ತೆಗೆದ ಕೆಸರಿನ ಕೋರ್ ಮೇಲೆ ನಾನು ಕೆಲಸ ಮಾಡುತ್ತೇನೆ. ಕೋರ್ ಅಂದರೆ ತಳಕ್ಕೆ ಕೊಳವೆ ಇಳಿಸಿ ತೆಗೆದ ಕೆಸರಿನ ಉದ್ದನೆಯ ಕಂಬ; ಕೆಳಗೆ ಹೋದಂತೆ ಕೆಸರು ಹಳೆಯದು. ಕೆಸರು ತೊಳೆದು, ಜರಡಿ ಹಿಡಿದು, ಉಳಿದದ್ದರಲ್ಲಿ ಫೊರಾಮಿನಿಫೆರಾ ಚಿಪ್ಪುಗಳನ್ನು ಸಣ್ಣ ಬ್ರಷ್‌ನಿಂದ ಒಂದೊಂದಾಗಿ ಆರಿಸಬೇಕು. ನಾನು ಆರಿಸುವವು ನೀರಿನಲ್ಲಿ ತೇಲುತ್ತಾ ಬದುಕುವ, ಒಂದೇ ಕೋಶದ ಜೀವಿಗಳು. ಸುಣ್ಣದ ಚಿಪ್ಪು ಕಟ್ಟಿಕೊಳ್ಳುತ್ತವೆ. ರಾಗಿ ಕಾಳಿಗಿಂತ ಚಿಕ್ಕ ಆ ಚಿಪ್ಪಿನ ಆಕ್ಸಿಜನ್, ಕಾರ್ಬನ್ ಅಳೆದರೆ ಸಾವಿರಾರು ವರ್ಷಗಳ ಹಿಂದಿನ ನೀರು ಹೇಗಿತ್ತು ಅಂತ ತಿಳಿಯಬಹುದು.

ಟ್ರೈಲೋಬೇಟಸ್ ಸ್ಯಾಕ್ಯುಲಿಫರ್ ಎಂಬ ಜಾತಿಯನ್ನು ಆರಿಸುತ್ತಿದ್ದೆ. ಕೋರ್‌ನ ಮೇಲಿನ ಭಾಗದಲ್ಲಿ 355 ಮೈಕ್ರಾನ್ (ಸಾವಿರ ಮೈಕ್ರಾನ್ ಅಂದರೆ ಒಂದು ಮಿಲಿಮೀಟರ್) ಜರಡಿಯ ಮೇಲೆ ನಿಂತ ದೊಡ್ಡ ಚಿಪ್ಪುಗಳು ಬೇಕಾದಷ್ಟಿದ್ದವು. ಕೆಳಗೆ ಹೋದಂತೆ ಅವು ಕಡಿಮೆಯಾದವು. ಲೆಕ್ಕ ತುಂಬಿಸಲು 250ರ ಜರಡಿಯಿಂದಲೂ ತೆಗೆದುಕೊಂಡೆ. ಜಾತಿ ಒಂದೇ ತಾನೆ, ಸಾಕು ಅಂದುಕೊಂಡೆ. ಸ್ಲೈಡ್ ಮೇಲೆ ಸೈಜ್ ಬರೆಯಲಿಲ್ಲ.

ರಿಸಲ್ಟ್ ಬಂದಾಗ ಕಾರ್ಬನ್ 13ರ, ಅಂದರೆ ಕಾರ್ಬನ್ನಿನ ಭಾರವಾದ ರೂಪದ, ಗೆರೆ ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ಏರುತ್ತಾ ಹೋಗಿತ್ತು. ಸಮುದ್ರವೇ ಬದಲಾಗಿದೆ ಅಂತ ಎರಡು ಪುಟ ಬರೆದೆ. ನಮ್ಮ ಮೇಡಂ ಅದನ್ನು ಓದಲೇ ಇಲ್ಲ. ಸ್ಲೈಡ್‌ಗಳನ್ನು ಕೇಳಿದರು. ಮೈಕ್ರೋಸ್ಕೋಪ್ ಕೆಳಗೆ ಎರಡನ್ನು ಅಕ್ಕಪಕ್ಕ ಇಟ್ಟು, "ಇವೆರಡೂ ಒಂದೇ ವಯಸ್ಸಿನವೇನಮ್ಮಾ?" ಅಂದರು.

ಆಮೇಲೆ ಒಂದೇ ಒಂದು ಸೆಂಟಿಮೀಟರ್ ಕೆಸರು ತೆಗೆದುಕೊಂಡು, ಚಿಕ್ಕವನ್ನೂ ದೊಡ್ಡವನ್ನೂ ಬೇರೆ ಬೇರೆ ಅಳೆಸಿದೆ. ಒಂದೇ ಕೆಸರು, ಒಂದೇ ಜಾತಿ. ಆದರೂ ದೊಡ್ಡವುಗಳಲ್ಲಿ ಭಾರವಾದ ಕಾರ್ಬನ್ 13ರ ಪಾಲು ಜಾಸ್ತಿ ಇತ್ತು. ನಾನು ಸಮುದ್ರದ ಬದಲಾವಣೆ ಅಂದುಕೊಂಡಿದ್ದರಲ್ಲಿ ದೊಡ್ಡ ಪಾಲು ನನ್ನ ಜರಡಿಯದ್ದು.

ಕಾರಣ ಆ ಜೀವಿಯ ಬದುಕಿನಲ್ಲೇ ಇದೆ. ಸ್ಯಾಕ್ಯುಲಿಫರ್ ತನ್ನ ಜೊತೆ ಪಾಚಿಯಂಥ ಸೂಕ್ಷ್ಮ ಜೀವಿಗಳನ್ನು ಸಾಕಿಕೊಂಡಿರುತ್ತದೆ. ಬಿಸಿಲಿನಲ್ಲಿ ಅವು ಆಹಾರ ಮಾಡಿಕೊಳ್ಳುವಾಗ ಹಗುರವಾದ ಕಾರ್ಬನ್ 12ನ್ನೇ ಹೆಚ್ಚು ಎಳೆದುಕೊಳ್ಳುತ್ತವೆ. ಚಿಪ್ಪಿನ ಸುತ್ತ ಉಳಿಯುವ ನೀರಿನಲ್ಲಿ ಕಾರ್ಬನ್ 13ರ ಪಾಲು ಹೆಚ್ಚುತ್ತದೆ, ಹೊಸ ಗೋಡೆಗೆ ಅದೇ ಸೇರುತ್ತದೆ. ಜೀವಿ ಬೆಳೆದಷ್ಟೂ ಈ ಜೊತೆಗಾರರು ಹೆಚ್ಚು. ಮರಿಯಾಗಿದ್ದಾಗ ಕಥೆ ಉಲ್ಟಾ. ಅದು ಉಸಿರಾಡಿ ಬಿಟ್ಟ ಹಗುರ ಕಾರ್ಬನ್ನೇ ಜಾಸ್ತಿ ಚಿಪ್ಪಿಗೆ ಸೇರುತ್ತದೆ. ಎರಡೂ ಸೇರಿ ಚಿಕ್ಕದಕ್ಕೂ ದೊಡ್ಡದಕ್ಕೂ ಅಂತರ ಬೀಳುತ್ತದೆ. ಇಷ್ಟು ಪುಟ್ಟ ಜೀವಿಯ ಬಾಲ್ಯ, ಯೌವನ ಎರಡೂ ಸುಣ್ಣದಲ್ಲಿ ಉಳಿದಿರುತ್ತದೆ ಎನ್ನುವುದು ನನಗೆ ಇವತ್ತಿಗೂ ಬೆರಗು.

ಆಕ್ಸಿಜನ್ ವಿಷಯದಲ್ಲಿ ವಾಸದ ಆಳ ಮುಖ್ಯ. ನೀರು ತಣ್ಣಗಾದಂತೆ ಚಿಪ್ಪಿನಲ್ಲಿ ಆಕ್ಸಿಜನ್ 18, ಅಂದರೆ ಆಕ್ಸಿಜನ್ನಿನ ಭಾರವಾದ ರೂಪ, ಹೆಚ್ಚುತ್ತದೆ. ಗ್ಲೋಬಿಜೆರಿನಾಯ್ಡಿಸ್ ರೂಬರ್ ಎಂಬ ಇನ್ನೊಂದು ಜಾತಿ ಬಿಸಿಲು ಬೀಳುವ ಮೇಲ್ಪದರದಲ್ಲಿ ಇರುತ್ತದೆ. ನಿಯೊಗ್ಲೋಬೊಕ್ವಾಡ್ರಿನಾ ಡ್ಯುಟರ್ಟ್ರೈ ಎಂಬ ಜಾತಿ ಇನ್ನೂ ಕೆಳಗೆ, ನೀರು ಬೇಗ ತಣ್ಣಗಾಗುತ್ತಾ ಹೋಗುವ ಪದರದಲ್ಲಿ. ಎರಡನ್ನೂ ಬೆರೆಸಬಾರದು ಅಂತ ಯಾರಿಗಾದರೂ ಗೊತ್ತು. ಆದರೆ ಸ್ಯಾಕ್ಯುಲಿಫರ್ ತಾನೇ ಆಳ ಬದಲಾಯಿಸುತ್ತದೆ. ಬದುಕಿನ ಕೊನೆಗೆ, ಸಂತಾನದ ಹೊತ್ತಿಗೆ ಕೆಳಗಿಳಿದು ಚಿಪ್ಪಿನ ಮೇಲೆ ಇನ್ನೊಂದು ಪದರ ಸುಣ್ಣ ಹಚ್ಚಿಕೊಳ್ಳುತ್ತದೆ. ಅಂದರೆ ಒಂದೇ ಚಿಪ್ಪಿನೊಳಗೆ ಎರಡು ಆಳದ ನೀರಿನ ಗುರುತು ಇರುತ್ತದೆ ಅಲ್ವಾ? ದೊಡ್ಡ ಚಿಪ್ಪುಗಳಲ್ಲಿ ಈ ಪದರ ಇರುವ ಸಾಧ್ಯತೆ ಹೆಚ್ಚು. ಹೀಗಾಗಿ ಸೈಜ್ ಅಂದರೆ ವಯಸ್ಸು ಮಾತ್ರ ಅಲ್ಲ, ಒಂದಿಷ್ಟು ಆಳವೂ ಹೌದು.

ಮತ್ತೆ ಮೊದಲಿನಿಂದ ಆರಿಸಿದೆ. ಈ ಸಲ ಎಲ್ಲಾ ಸ್ಯಾಂಪಲ್ಲಿಗೂ 250ರಿಂದ 355 ಮೈಕ್ರಾನ್ ಮಾತ್ರ. ಸ್ಲೈಡ್ ಮೇಲೆ ಜಾತಿ, ಸೈಜ್, ಎಷ್ಟು ಚಿಪ್ಪು, ಒಟ್ಟು ತೂಕ ಎಲ್ಲಾ ಬರೆದೆ. ಕಣ್ಣು ನೋಯುತ್ತಿತ್ತು, ನಿಜ. ಆದರೆ ಪ್ರತಿ ಸ್ಲೈಡ್ ಮುಗಿದಾಗ ಸಮಾಧಾನ ಇತ್ತು.

ಹೊಸ ಗೆರೆಯಲ್ಲಿ ಆ ಉದ್ದನೆಯ ಏರು ಮಾಯವಾಗಿತ್ತು. ನಡುವೆ ಒಂದು ಚಿಕ್ಕ ತಗ್ಗು ಮಾತ್ರ ಹಾಗೇ ಉಳಿಯಿತು. ಈಗ ನಾನು ಬರೆಯುತ್ತಿರುವುದು ಅದರ ಬಗ್ಗೆಯೇ. ತೀರಾ ಕೆಳಗಿನ ಎರಡು ಸ್ಯಾಂಪಲ್‌ಗಳಲ್ಲಿ ಆ ಸೈಜಿನ ಚಿಪ್ಪು ಸಾಕಷ್ಟು ಸಿಗಲಿಲ್ಲ. ಗ್ರಾಫಿನಲ್ಲಿ ಆ ಎರಡು ಜಾಗ ಖಾಲಿ ಬಿಟ್ಟಿದ್ದೇನೆ.